ನಿಂತ ಯೋಜನೆ, ನಿಲ್ಲದ ವಿದ್ಯೆ

ಮುಳಬಾಗಿಲಿನ ಸೀಮೆಯ ರಾಗಿ ಹೊಲಗಳಲ್ಲಿ ಕಾವಲುಗಾರನು ಹಕ್ಕಿಗಳನ್ನು ಓಡಿಸಲು ಕವಣೆ ಬೀಸುತ್ತಾನೆ. ಕವಣೆಯಿಂದ ಹೊರಟ ಕಲ್ಲಿಗೆ ಮುಂದೆ ಯಾವ ಹೊಸ ಬಲವೂ ದೊರೆಯದು. ತಾನು ಪಡೆದ ವೇಗಕ್ಕೂ ಭೂಮಿಯ ಸೆಳೆತಕ್ಕೂ ಅಧೀನವಾಗಿ ಅದು ಬಾಗಿದ ಹಾದಿಯಲ್ಲಿ ಸಾಗಿ ನೆಲಕ್ಕೆ ಬೀಳುತ್ತದೆ. ಬ್ಯಾಲಿಸ್ಟಿಕ್ ಕ್ಷಿಪಣಿಯ ತತ್ತ್ವವೂ ಇದೇ. ಅದರ ಎಂಜಿನ್ನು ಆರಂಭದಲ್ಲಿ ಸ್ವಲ್ಪ ಕಾಲ ಮಾತ್ರ ಉರಿಯುತ್ತದೆ. ಉಳಿದ ಪಯಣವೆಲ್ಲ ಎಸೆದ ಕಲ್ಲಿನ ಪಯಣದಂತೆಯೇ.

ಈ ನಾಡಿಗೂ ರಾಕೆಟ್ಟಿಗೂ ಹಳೆಯ ನಂಟುಂಟು. 1768ರಲ್ಲಿ ಮುಳಬಾಗಿಲಿನ ಬಳಿ ಇಂಗ್ಲಿಷರೊಡನೆ ಕಾದಿದ ಹೈದರ್ ಅಲಿಯು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಜನಿಸಿದವನು. ಅವನ ಮತ್ತು ಅವನ ಮಗ ಟಿಪ್ಪು ಸುಲ್ತಾನನ ಸೇನೆಗಳು ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಬಳಸಿದವು. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಾಳುತ್ತಿದ್ದುದರಿಂದ ಅವು ಬಹುದೂರ ಹಾರುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡಿತು. ಮೈಸೂರಿನ ರಾಕೆಟ್ಟುಗಳು ಇಂಗ್ಲೆಂಡಿಗೆ ಸಾಗಿದವು. ಅವುಗಳ ಆಧಾರದಿಂದ ವಿಲಿಯಂ ಕಾಂಗ್ರೀವನು ಹೊಸ ರಾಕೆಟ್ಟುಗಳನ್ನು ನಿರ್ಮಿಸಿದನು. ಇತ್ತ ನಮ್ಮಲ್ಲಿ ಆ ವಿದ್ಯೆಯನ್ನು ಮುಂದುವರಿಸುವವರಿಲ್ಲದೆ ಹೋಯಿತು.

ಆದುದರಿಂದ ಸ್ವತಂತ್ರ ಭಾರತವು ಮೊದಲಿನಿಂದಲೇ ಕಲಿಯಬೇಕಾಯಿತು. 1970ರ ದಶಕದಲ್ಲಿ ಹೈದರಾಬಾದಿನ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಪ್ರಯೋಗಾಲಯದಲ್ಲಿ ಎರಡು ಯೋಜನೆಗಳು ನಡೆದವು. ‘ವ್ಯಾಲಿಯಂಟ್’ ಯೋಜನೆಯ ಗುರಿ ಬಹುದೂರ ಸಾಗುವ ಬ್ಯಾಲಿಸ್ಟಿಕ್ ಕ್ಷಿಪಣಿ. ‘ಡೆವಿಲ್’ ಯೋಜನೆಯಲ್ಲಿ ಸೋವಿಯತ್ ದೇಶದ ವಿಮಾನನಾಶಕ ಕ್ಷಿಪಣಿಯೊಂದರ ಭಾಗಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ, ಅಂಥದೇ ಕ್ಷಿಪಣಿಯನ್ನು ಇಲ್ಲಿಯೇ ತಯಾರಿಸುವ ಪ್ರಯತ್ನ ನಡೆಯಿತು. ಗುರಿಗಳು ದೊಡ್ಡವು, ಅನುಭವ ಕಿರಿದು. ವ್ಯಾಲಿಯಂಟ್ ಯೋಜನೆಯು 1974ರಲ್ಲಿ ರದ್ದಾಯಿತು. ಡೆವಿಲ್ ಕೂಡ ಪೂರ್ಣ ಫಲವನ್ನು ಕಾಣದೆ 1980ರಲ್ಲಿ ಮುಕ್ತಾಯಗೊಂಡಿತು.

ಹಾಗಾದರೆ ವರ್ಷಗಳ ಆ ದುಡಿಮೆಯೆಲ್ಲ ನೀರಿನಲ್ಲಿ ಮಾಡಿದ ಹೋಮವಾಯಿತೇ? ಇಲ್ಲ. ಯೋಜನೆಗಳು ನಿಂತರೂ ಎಂಜಿನ್ನುಗಳನ್ನು ರೂಪಿಸಿ ಪರೀಕ್ಷಿಸಬಲ್ಲ ಕೈಗಳೂ ಅದಕ್ಕೆ ಬೇಕಾದ ಸಲಕರಣೆಗಳೂ ಉಳಿದವು. 1983ರಲ್ಲಿ ಸಮಗ್ರ ಕ್ಷಿಪಣಿ ಅಭಿವೃದ್ಧಿ ಕಾರ್ಯಕ್ರಮವು ಆರಂಭವಾಯಿತು. ಆಗ ರಕ್ಷಣಾ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ವಿ. ಎಸ್. ಅರುಣಾಚಲಂ, ಕಾರ್ಯಕ್ರಮದ ನೇತೃತ್ವವನ್ನು ವಹಿಸಿದವರು ಎ. ಪಿ. ಜೆ. ಅಬ್ದುಲ್ ಕಲಾಂ. ಡೆವಿಲ್ ಯೋಜನೆಯಲ್ಲಿ ಬೆಳೆದ ದ್ರವ ಇಂಧನದ ಎಂಜಿನ್ನೇ ‘ಪೃಥ್ವಿ’ ಕ್ಷಿಪಣಿಗೆ ಆಧಾರವಾಯಿತು. 1988ರ ಫೆಬ್ರವರಿ 25ರಂದು ಪೃಥ್ವಿಯು ಶ್ರೀಹರಿಕೋಟೆಯಿಂದ ಮೊದಲ ಬಾರಿಗೆ ಯಶಸ್ವಿಯಾಗಿ ಹಾರಿತು. ಮರುವರ್ಷ ಹಾರಿದ ‘ಅಗ್ನಿ’ಯ ಎರಡನೆಯ ಹಂತಕ್ಕೂ ಪೃಥ್ವಿಯ ಎಂಜಿನ್ನೇ ನೆರವಾಯಿತು.

ಮೈಸೂರಿನ ರಾಕೆಟ್ಟು ರಣರಂಗದಲ್ಲಿ ಗೆದ್ದಿತ್ತು. ಆದರೆ ಅದರ ವಿದ್ಯೆಯು ನಮ್ಮಲ್ಲಿ ಮುಂದಿನವರ ಕೈಸೇರಲಿಲ್ಲ. ಡೆವಿಲ್ ಸೋತಿತ್ತು, ಆದರೆ ಅದರ ವಿದ್ಯೆಯು ಕೈಯಿಂದ ಕೈಗೆ ಸಾಗಿತು. ಕೈಗೊಂಡ ಕೆಲಸವು ನಡುವೆಯೇ ನಿಂತರೆ ಅದು ನಷ್ಟವೇ ಸರಿ. ಅದರಿಂದ ಕಲಿತದ್ದನ್ನು ಕೈಬಿಡುವುದು ಅದಕ್ಕಿಂತಲೂ ದೊಡ್ಡ ನಷ್ಟ.