ಬೀದರ್ ಕೋಟೆಗೆ ಹೊರಟಿದ್ದೀಯಾ, ತಮ್ಮಾ?

ತಮ್ಮಾ, ನಿನ್ನ ಪಟ್ಟಿ ನೋಡಿದೆ. ನಸುಕಿಗೆ ಶಹಾಪುರದ ಬಸ್ಸು, ಮುಂಜಾನೆ ಕಲಬುರಗಿ ಕೋಟೆ, ಮಧ್ಯಾಹ್ನ ಬೀದರ್ ಕೋಟೆ, ಮರುದಿನ ವಿಜಯಪುರ, ರಾತ್ರಿ ಊಟಕ್ಕೆ ಗೋಗಿ! ನಿನ್ನ ಹುರುಪು ಮೆಚ್ಚಿದೆ. ಆದರೆ ಇಷ್ಟು ಗಡಿಬಿಡಿಯಲ್ಲಿ ಬಸ್‌ಸ್ಟ್ಯಾಂಡ್ ಮಾತ್ರ ಚೆನ್ನಾಗಿ ನೋಡಿ ಬರುತ್ತೀ. ಈ ಸಲ ಒಂದೇ ಊರು ಹಿಡಿ. ನನ್ನನ್ನು ಕೇಳಿದರೆ ಬೀದರ್.

ಅದೇ ಯಾಕೆ ಅಂತೀಯಾ? ಹೊರಡುವ ಮುನ್ನ ನಮ್ಮೂರ ಚಂದಾ ಹುಸೇನಿ ದರ್ಗಾಕ್ಕೆ ಹೋಗಿ ಬಾ. ಹುಟ್ಟಿದಾಗಿನಿಂದ ಅದರ ಮುಂದೆ ಓಡಾಡಿದವನು ನೀನು, ಅಲ್ಲಿರುವ ಗೋರಿಗಳು ಯಾರವು ಎಂದು ಒಮ್ಮೆಯೂ ಕೇಳಲಿಲ್ಲ. ವಿಜಯಪುರದ ಆದಿಲ್‌ಶಾಹಿ ಮನೆತನ ಕಟ್ಟಿದ ಯೂಸುಫ್ ಆದಿಲ್‌ಶಾಹ 1510ರಲ್ಲಿ ತೀರಿಕೊಂಡ. ಅವನನ್ನು ಮಣ್ಣು ಮಾಡಿದ್ದು ಇಲ್ಲಿ, ಗೋಗಿಯಲ್ಲಿ. ಮಗ ಇಸ್ಮಾಯಿಲ್, ಮೊಮ್ಮಗ ಒಂದನೇ ಇಬ್ರಾಹಿಂ, ಅವರೂ ಇಲ್ಲೇ ಇದ್ದಾರೆ. ಜಗತ್ತೆಲ್ಲ ಗೋಳಗುಮ್ಮಟ ನೋಡಲು ಹೋಗುತ್ತದೆ. ಆ ಮನೆತನದ ಮೂಲಪುರುಷ ನಮ್ಮ ನೆರೆಯವನು.

ಈ ಯೂಸುಫ್ ಮೊದಲು ಬೀದರಿನ ಬಹಮನಿಗಳ ಚಾಕರಿಯಲ್ಲಿದ್ದ. ಮಂತ್ರಿ ಮಹಮೂದ್ ಗವಾನನ ನೆರಳಲ್ಲಿ ಮೇಲೆ ಬಂದ. 1481ರಲ್ಲಿ ಸುಲ್ತಾನ ಚಾಡಿಮಾತು ನಂಬಿ ಗವಾನನ ತಲೆ ತೆಗೆಸಿದ. ಆಮೇಲೆ ಆ ರಾಜ್ಯ ಉಳಿಯಲಿಲ್ಲ, ಒಬ್ಬೊಬ್ಬ ಸರದಾರ ಒಂದೊಂದು ಸೀಮೆ ಹಿಡಿದ. ವಿಜಯಪುರ ಯೂಸುಫನ ಪಾಲಾಯಿತು. ಇಷ್ಟು ತಿಳಿದು ಕೋಟೆಯ ಬಾಗಿಲು ದಾಟು. ಅಲ್ಲಿಯ ಒಂದೊಂದು ಕಲ್ಲೂ ನಿನಗೆ ಪರಿಚಯದವರ ಮನೆಯ ಕಲ್ಲಿನಂತೆ ಕಾಣುತ್ತದೆ.

ಹೋದ ಕೂಡಲೇ ವಸ್ತುಸಂಗ್ರಹಾಲಯಕ್ಕೆ ನುಗ್ಗಬೇಡ. ಬೆಳಗಿನ ತಂಪಿನಲ್ಲಿ ಹೊರಗಿನದು ನೋಡು. ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕದ ಹತ್ತಿರ ಸ್ವಲ್ಪ ಹೊತ್ತು ನಿಲ್ಲು. ಸೋಲಾಖಂಬ ಮಸೀದಿ 1423-24ರದ್ದು; ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂದ ಕಾಲದ ಆಸುಪಾಸಿನದು. ರಂಗೀನ್ ಮಹಲಿಗೆ ಬೀಗ ಹಾಕಿರುವುದುಂಟು. ಸಿಟ್ಟಾಗಬೇಡ, ಕಾವಲುಗಾರರ ಹತ್ತಿರ ಹೋಗಿ, 'ಅಣ್ಣಾರ, ದೂರದಿಂದ ಬಂದೀವ್ರಿ' ಅನ್ನು. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕುಸುರಿ ಅಲ್ಲಿದೆ. ಅದನ್ನು ನೋಡದೆ ಬಂದರೆ ಬೀದರ್ ನೋಡಿದ್ದೇ ಸುಳ್ಳು.

ಬಿಸಿಲೇರಿದ ಮೇಲೆ ಒಳಗೆ ಹೋಗು. ವಸ್ತುಸಂಗ್ರಹಾಲಯ ಇರುವುದು ಹಳೆಯ ಶಾಹಿ ಹಮಾಮಿನಲ್ಲಿ, ಅರಸರು ಮೀಯುತ್ತಿದ್ದ ಕಟ್ಟಡದಲ್ಲಿ. ಶಿಲ್ಪ, ಆಯುಧಗಳನ್ನು ನೋಡುವಾಗ ತಲೆಯೆತ್ತಿ ಕಟ್ಟಡವನ್ನೂ ನೋಡು. ಮೊಬೈಲು ಕಿಸೆಯಲ್ಲಿರಲಿ. ಫೋಟೋ ತೆಗೆದವನು ಮನೆಯಲ್ಲಿ ನೋಡಿದರಾಯಿತು ಅಂದುಕೊಳ್ಳುತ್ತಾನೆ, ನೋಡುವುದೇ ಇಲ್ಲ.

ಸಂಜೆ ಊರೊಳಗೆ ಬಿದರಿ ಕೆಲಸದವರ ಅಂಗಡಿಗೆ ಹೋಗು. ಸತು, ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸುತ್ತಾರಲ್ಲ, ಅದಕ್ಕೆ ಕಪ್ಪು ಬಣ್ಣ ಬರಿಸುವುದು ಈ ಕೋಟೆಯ ಹಳೆಯ ಮಣ್ಣಿನಿಂದಲೇ. ಗಾಜಿನ ಪೆಟ್ಟಿಗೆಯಲ್ಲಿಟ್ಟದ್ದಕ್ಕಿಂತ, ಇಂದಿಗೂ ಕೈಯಲ್ಲಿ ನಡೆದಿರುವ ಇತಿಹಾಸವೇ ನನಗೆ ಹೆಚ್ಚು.

ಹೋಗುವುದು ಕಷ್ಟವೇನಲ್ಲ. ಕಲಬುರಗಿಯಿಂದ ಬೀದರಿಗೆ 2017ರಿಂದ ರೈಲಿದೆ. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೋ. ಏಪ್ರಿಲ್, ಮೇ ಬೇಡ, ನಮ್ಮ ಬಿಸಿಲು ನಿನಗೆ ಗೊತ್ತಿದೆ. ಸಂಕ್ರಾಂತಿಯ ಆಸುಪಾಸು ಸರಿ. ವಸ್ತುಸಂಗ್ರಹಾಲಯದ ರಜೆ ಯಾವಾಗ ಎಂದು ಮೊದಲೇ ವಿಚಾರಿಸು. ವಿಜಯಪುರಕ್ಕೆ ಬೇರೆಯೇ ಹೋಗು, ಶುಕ್ರವಾರ ಬಿಟ್ಟು. ಗೋಳಗುಮ್ಮಟದ ಮುಂದಿನ ನಗಾರಿಖಾನೆಯಲ್ಲಿ 1892ರಿಂದ ಇರುವ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ.

ಇನ್ನೊಂದು. ನಿನ್ನ ತಂಗಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಡ. ಅವಳು ನಿನ್ನಂತೆ ಓಡುವವಳಲ್ಲ, ನಿಂತು ಕೇಳುವವಳು.