ಮಕ್ಕಳ ಸಾಹಿತ್ಯವೂ ಹಿರಿಯರ ಸಾಹಿತ್ಯವೂ

ಮಕ್ಕಳಿಗಾಗಿ ಬರೆಯುವುದು ಸುಲಭ, ಹಿರಿಯರಿಗಾಗಿ ಬರೆಯುವುದೇ ಕಷ್ಟವೆಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು. ಎರಡು ಬಗೆಯ ಸಾಹಿತ್ಯವನ್ನೂ ರಚಿಸಿದ ಒಬ್ಬ ಕವಿಯನ್ನೇ ಮುಂದಿಟ್ಟುಕೊಂಡು ಈ ವಿಚಾರವನ್ನು ನಾವು ಪರಿಶೀಲಿಸೋಣ.

1979ರಲ್ಲಿ ತೀರಿಕೊಂಡ ಜಿ. ಪಿ. ರಾಜರತ್ನಂ ಅವರು ಹಿರಿಯರಿಗಾಗಿ ‘ರತ್ನನ ಪದಗಳು’ ಬರೆದರು. ಮಕ್ಕಳಿಗಾಗಿ ‘ತುತ್ತೂರಿ’ ಬರೆದರು. ಮೊದಲನೆಯದರಲ್ಲಿ ಕುಡುಕ ರತ್ನನು ತನ್ನ ಆಡುಮಾತಿನಲ್ಲಿಯೇ ಹೆಂಡತಿ ನಂಜಿಯ ಮೇಲಣ ಒಲವನ್ನೂ ಕನ್ನಡದ ಮೇಲಣ ಅಭಿಮಾನವನ್ನೂ ಹಾಡಿಕೊಳ್ಳುತ್ತಾನೆ. ಬಡತನವನ್ನೂ ಸಂಸಾರವನ್ನೂ ಕಂಡವರಿಗೆ ಮಾತ್ರ ಅದರ ನಗೆಯ ಹಿಂದಿನ ನೋವು ತಿಳಿದೀತು. ಎರಡನೆಯದರಲ್ಲಿ ಕಸ್ತೂರಿಯೆಂಬ ಹುಡುಗನು ತಗಡಿನ ತುತ್ತೂರಿ ಕೊಂಡು ಬೀಗುತ್ತಾನೆ. ಅದು ಕೊಳಕ್ಕೆ ಜಾರಿ ಬಿದ್ದು ಸ್ವರಗೆಡುತ್ತದೆ. ಇದನ್ನು ಸವಿಯಲು ಲೋಕಾನುಭವ ಬೇಡ. ಕೆಟ್ಟ ತುತ್ತೂರಿಯ ಸದ್ದಿಗೆ ಮಗು ನಗುತ್ತದೆ. ಹಿರಿಯರು ಅದರಲ್ಲಿ ತಮ್ಮ ಜಂಬವನ್ನೇ ಕಂಡು ನಗುತ್ತಾರೆ.

ಆದುದರಿಂದ ಭೇದವಿರುವುದು ಓದುಗನು ತರಬೇಕಾದ ಅನುಭವದಲ್ಲಿ, ಕವಿಯ ಶ್ರಮದಲ್ಲಲ್ಲ. ಹಿರಿಯರು ಕವಿಯ ಕೀರ್ತಿಗೆ ಮಣಿದು ನೀರಸವಾದುದನ್ನೂ ಸಹಿಸಿಯಾರು; ಮಗುವಾದರೋ ಲಯ ತಪ್ಪಿದೊಡನೆ ಆಟಕ್ಕೆ ಎದ್ದು ಹೋಗುತ್ತದೆ.

ಗಡಿಯಾಚೆಯ ನಮ್ಮೂರುಗಳಲ್ಲಿ ಅಂಗಡಿಯ ಹಲಗೆಯೂ ಬಸ್ಸಿನ ಫಲಕವೂ ಬಹುಮಟ್ಟಿಗೆ ಅನ್ಯಲಿಪಿಯಲ್ಲಿವೆ. ಇಲ್ಲಿನ ಮಗುವಿಗೆ ಕನ್ನಡದ ಓದಿನ ಸವಿ ಹತ್ತಬೇಕಾದರೆ ಶಾಲೆ ಮತ್ತು ಮನೆಗಳೇ ಆಸರೆ. ಇಂದು ‘ತುತ್ತೂರಿ’ಗೆ ನಲಿದ ಮಗುವೇ ನಾಳೆ ರತ್ನನ ಕನ್ನಡಾಭಿಮಾನವನ್ನು ಅರಿಯಬಲ್ಲದು. ತಾಯ್ತಂದೆಗಳು ಇರುಳೂಟವಾದ ಮೇಲೆ ಮಕ್ಕಳಿಂದ ಒಂದು ಹಾಡನ್ನಾದರೂ ಗಟ್ಟಿಯಾಗಿ ಓದಿಸಿ ಕೇಳಲಿ. ಮಕ್ಕಳೇ, ಓದಿದ ಹಾಡನ್ನು ನಿಮ್ಮ ತಮ್ಮತಂಗಿಯರಿಗೂ ಕಲಿಸಿರಿ.