ವಾಚನಮಂದಿರದ ಜೀರ್ಣೋದ್ಧಾರ

ಶಿಕಾರಿಪುರ, ಸೊರಬ ತಾಲ್ಲೂಕುಗಳು ಶಾಸನಸಂಪತ್ತಿಗೆ ಹೆಸರಾದವು. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಈ ಸೀಮೆಯ ಶಾಸನಗಳು ಅಡಕವಾಗಿವೆ. ತಾಳಗುಂದ, ಕುಪ್ಪಟೂರುಗಳು ಅಗ್ರಹಾರಗಳಾಗಿ ಪ್ರಸಿದ್ಧವಾಗಿದ್ದರೆ, ಬಳ್ಳಿಗಾವೆಯ ಕೋಡಿಯ ಮಠವು ಕಾಳಾಮುಖ ಗುರುಗಳ ವಿದ್ಯಾಕೇಂದ್ರವಾಗಿತ್ತು.

ಬಿಜ್ಜಳನ ಕಾಲದ 1162ರ ಶಾಸನವು ಆ ಮಠವನ್ನು ಬಣ್ಣಿಸುತ್ತದೆ. ಅಲ್ಲಿ ನಾಲ್ಕು ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು, ಪುರಾಣ, ಕಾವ್ಯ, ನಾಟಕಗಳ ವ್ಯಾಸಂಗ ನಡೆಯುತ್ತಿತ್ತು. ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವು. ಇಂದು ಕೇದಾರೇಶ್ವರ ದೇವಾಲಯವು ಉಳಿದಿದೆ. ಪಾಠಪ್ರವಚನಗಳ ಆ ಪರಂಪರೆ ಉಳಿದಿಲ್ಲ. ಕಟ್ಟಡ ಉಳಿದ ಮಾತ್ರಕ್ಕೆ ವಿದ್ಯೆ ಉಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವಿದ್ಯಾಲಯಗಳ ಆವರಣದಲ್ಲಿರುವ ಹಳೆಯ ವಾಚನಮಂದಿರಗಳನ್ನು ಸರಿಪಡಿಸಹೊರಟವರು ಈ ಮಾತನ್ನು ಮನಗಾಣಬೇಕು. ಮಲೆನಾಡಿನಲ್ಲಿ ಗ್ರಂಥಗಳ ಮೊದಲ ಶತ್ರು ತೇವ, ಎರಡನೆಯದು ಗೆದ್ದಲು. ಆದುದರಿಂದ ಗೋಡೆಗೆ ಬಣ್ಣ ಬಳಿಯುವುದಕ್ಕೆ ಮುನ್ನ ಮಾಡಿನ ಹಂಚು, ರೀಪುಗಳನ್ನು ನೋಡಬೇಕು. ಮಳೆನೀರು ತಳಪಾಯದಿಂದ ದೂರ ಹರಿಯುವಂತೆ ಮಾಡಬೇಕು. ಸುಣ್ಣದ ಗಾರೆಯ ಗೋಡೆಗೆ ಸುಣ್ಣದ ಗಾರೆಯೇ ಯೋಗ್ಯ. ಮೇಲೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಹೋಗಲಾರದೆ ಗೋಡೆಯನ್ನೇ ಸಡಿಲಗೊಳಿಸುತ್ತದೆ. ಬೀರುಗಳನ್ನು ಗೋಡೆಗೆ ತಾಗಿಸದೆ ನಿಲ್ಲಿಸಿ ಗಾಳಿಯಾಡಲು ಎಡೆಮಾಡಬೇಕು. ಪುಸ್ತಕಗಳನ್ನು ಹೊರತೆಗೆಯುವ ಮುನ್ನ ಪಟ್ಟಿಮಾಡಬೇಕು. ಹರಿದುದೆಂದು ಯಾವುದನ್ನೂ ಅವಸರದಲ್ಲಿ ತ್ಯಜಿಸಬಾರದು.

ಇಂತಹ ಎಚ್ಚರಿಕೆಯ ಬೆಲೆ ಏನೆಂಬುದನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯವು ತೋರಿಸಿಕೊಟ್ಟಿದೆ. 1891ರಲ್ಲಿ ಆರಂಭವಾದ ಆ ಸಂಸ್ಥೆಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿಯೇ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಮುದ್ರಿಸಿದರು. ಆ ಕಟ್ಟು ಹುಳುಹಿಡಿದ ಗರಿಗಳೆಂದು ಕಸದ ಪಾಲಾಗಿದ್ದರೆ ಆಗುತ್ತಿದ್ದ ನಷ್ಟವನ್ನು ಊಹಿಸಿಕೊಳ್ಳಬಹುದು.

ನಮ್ಮ ದಾನಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮುರಿದುದನ್ನೂ ಬಿರಿದುದನ್ನೂ ಕಾಲಕಾಲಕ್ಕೆ ಸರಿಪಡಿಸುವುದು ಎಂದು ಅದರ ಅರ್ಥ. ಪೂಜೆಗೆ, ತಪಸ್ವಿಗಳ ಆಹಾರಕ್ಕೆ, ವಿದ್ಯಾದಾನಕ್ಕೆ ಭೂಮಿ ಬಿಟ್ಟವರು ದುರಸ್ತಿಯನ್ನೂ ಅದರ ಜೊತೆಗೇ ಎಣಿಸಿದ್ದರು. ಕಟ್ಟಿದವನ ಪುಣ್ಯಕ್ಕೆ ಕಾಪಾಡಿದವನ ಪುಣ್ಯ ಕಡಮೆಯಲ್ಲವೆಂದು ಅವರು ಬಲ್ಲವರಾಗಿದ್ದರು.

ಆದಕಾರಣ ವಾಚನಮಂದಿರಕ್ಕೆ ನೀಡುವ ದಾನವು ಪ್ರಾರಂಭೋತ್ಸವದ ದಿನಕ್ಕೇ ಮುಗಿಯಬಾರದು. ಅದರ ಒಂದು ಪಾಲು ಶಾಶ್ವತ ನಿಧಿಯಾಗಿ ನಿಂತು, ಅದರ ಬಡ್ಡಿಯಿಂದ ವರ್ಷವರ್ಷವೂ ಹಂಚು ಹೊದಿಸಲು, ಪುಸ್ತಕಕ್ಕೆ ರಟ್ಟು ಕಟ್ಟಿಸಲು, ಗ್ರಂಥಪಾಲಕರ ಸಂಬಳಕ್ಕೆ ಹಣ ಒದಗಬೇಕು. ಅಧ್ಯಾಪಕರು ವಾರಕ್ಕೊಂದು ಪಾಠವನ್ನಾದರೂ ಅಲ್ಲಿ ನಡೆಸಬೇಕು. ಓದುವ ಮಕ್ಕಳಿಂದ ತುಂಬಿದಾಗಲೇ ಜೀರ್ಣೋದ್ಧಾರ ಪೂರ್ಣವಾಗುತ್ತದೆ.